ಬೇಡವೆಂದವರಿಗೂ ಕುರಿಗಾಹಿಯಾದ ಅಜರಯ್ಯ



ನಿಮ್ಮ ಧರ್ಮಕೇಂದ್ರಕ್ಕೆ ಹೊಸ ಗುರುಗಳು ಬಂದ ಮೊದಲ ಭಾನುವಾರವನ್ನು ಒಮ್ಮೆ ನೆನಪಿಸಿಕೊಳ್ಳಿ. ಪೂಜೆ ಮುಗಿದು ದೇವಾಲಯದ ಮೆಟ್ಟಿಲು ಇಳಿಯುವಷ್ಟರಲ್ಲೇ ತೂಕ ಹಾಕುವ ಕೆಲಸ ಶುರುವಾಗಿರುತ್ತದೆ. ಹಿಂದಿನವರ ಪ್ರಬೋಧನೆ ಚಿಕ್ಕದಾಗಿತ್ತು, ಇವರದು ಉದ್ದ. ಹಿಂದಿನವರು ಮನೆಮನೆಗೆ ಬರುತ್ತಿದ್ದರು, ಇವರು ಬರುತ್ತಾರೋ ಇಲ್ಲವೋ. ಅವರು ನಮ್ಮ ಕಡೆಯವರು, ಇವರು ಯಾವ ಕಡೆಯವರೋ! ಶಿವಮೊಗ್ಗದಲ್ಲಿ ಬಸ್ಸು ಹತ್ತಿದವರು ಆಯನೂರಿನಲ್ಲಿ ಇಳಿಯುವ ಹೊತ್ತಿಗೆ ತೀರ್ಪು ಬರೆದು ಮುಗಿದಿರುತ್ತದೆ. ಪಾಪ, ಆ ಗುರುಗಳು ಇನ್ನೂ ತಮ್ಮ ಪೆಟ್ಟಿಗೆಯನ್ನೇ ಬಿಚ್ಚಿರುವುದಿಲ್ಲ.

ಇದು ನಮ್ಮ ಮನೆಯ ಮಾತು ಮಾತ್ರವಲ್ಲ. 2025ರ ಜನವರಿಯಲ್ಲಿ ಆಂಗ್ಲಿಕನ್ ಧರ್ಮಸಭೆಯ ಕ್ಯಾಂಟರ್‌ಬರಿ ಮಹಾಧರ್ಮಾಧ್ಯಕ್ಷ ಜಸ್ಟಿನ್ ವೆಲ್ಬಿ ಅಧಿಕಾರ ಬಿಟ್ಟರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಆ ಸ್ಥಾನಕ್ಕೆ ಸಾರಾ ಮುಲ್ಲಾಲಿಯವರ ಹೆಸರು ಪ್ರಕಟವಾಯಿತು. ಆ ಪೀಠಕ್ಕೆ ಹೆಣ್ಣುಮಗಳೊಬ್ಬಳು ಆಯ್ಕೆಯಾದದ್ದು ಅದೇ ಮೊದಲು. ಕೆಲವರು ಹಿಗ್ಗಿದರು. ಬೇರೆ ಬೇರೆ ದೇಶಗಳ ಕೆಲವು ಆಂಗ್ಲಿಕನ್ ಸಭೆಗಳವರು ಒಪ್ಪಲಾರೆವೆಂದು ಬಹಿರಂಗವಾಗಿಯೇ ಹೇಳಿದರು. ನಮ್ಮ ಶಿವಮೊಗ್ಗ, ಭದ್ರಾವತಿಗಳಲ್ಲಿರುವ ಸಿ.ಎಸ್.ಐ. ಸಹೋದರ ಸಹೋದರಿಯರ ಸಭೆಯೂ ಆ ದೊಡ್ಡ ಬಳಗದ ಸದಸ್ಯ ಸಭೆಯೇ. ಆದ್ದರಿಂದ ಆ ಸುದ್ದಿ ಅವರ ಮನೆ ಬಾಗಿಲಿಗೂ ಬಂದ ಸುದ್ದಿ.

ಗುರುದೀಕ್ಷೆಯ ವಿಷಯದಲ್ಲಿ ನಮ್ಮ ಧರ್ಮಸಭೆಯ ಬೋಧನೆ ಬೇರೆ ಎಂಬುದು ನಿಮಗೆ ತಿಳಿದದ್ದೇ. ಇಲ್ಲಿ ಅದರ ವಾದ ಬೇಡ. ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಇನ್ನೊಂದಿದೆ. ಮುಂದೆ ನಿಲ್ಲುವವರು ಬದಲಾದಾಗ, ಅದರಲ್ಲೂ ನಾವು ಎಣಿಸದೇ ಇದ್ದವರು ಬಂದಾಗ, ವಿಶ್ವಾಸಿಯಾದವನು ಹೇಗೆ ನಡೆದುಕೊಳ್ಳಬೇಕು? ಬಂದವರಾದರೂ ಹೇಗೆ ನಡೆದುಕೊಳ್ಳಬೇಕು? ಈ ಎರಡಕ್ಕೂ ಉತ್ತರದಂತೆ ಬದುಕಿದ ಒಬ್ಬರು ನಮ್ಮ ದಕ್ಷಿಣ ಭಾರತದಲ್ಲೇ ಇದ್ದರು. ಅವರು ವೇದನಾಯಗಂ ಸಾಮುವೇಲ ಅಜರಯ್ಯ, ಆಂಗ್ಲಿಕನ್ ಧರ್ಮಸಭೆಯ ಮೊದಲ ಭಾರತೀಯ ಬಿಷಪ್ಪರು. ತೀರಿಕೊಂಡು 80 ವರ್ಷಗಳ ಮೇಲಾದರೂ ಅವರ ಬದುಕು ಇಂದಿಗೂ ನಮಗೆ ಪಾಠ ಹೇಳುತ್ತದೆ.

ತಾಯಿ ಬೇಡಿ ಪಡೆದ ಮಗ

ತಮಿಳುನಾಡಿನ ತಿರುನಲ್ವೇಲಿ ಸೀಮೆಯ ವೆಳ್ಳಾಲನ್‌ವಿಳೈ ಎಂಬ ಹಳ್ಳಿಯಲ್ಲಿ 1874ರ ಆಗಸ್ಟ್ 17ರಂದು ಅವರು ಹುಟ್ಟಿದರು. ತಂದೆ ಥಾಮಸ್ ವೇದನಾಯಗಂ ಹಳ್ಳಿಯ ಆಂಗ್ಲಿಕನ್ ಗುರು. ತಾಯಿ ಎಲೆನ್. ಒಬ್ಬಳು ಮಗಳು ಹುಟ್ಟಿದ ಮೇಲೆ ಬಹುಕಾಲ ಆ ಮನೆಯಲ್ಲಿ ತೊಟ್ಟಿಲು ತೂಗಿರಲಿಲ್ಲ. ಪವಿತ್ರ ಗ್ರಂಥದ ಹನ್ನಳಂತೆ ಆ ತಾಯಿ ದೇವರನ್ನು ಬೇಡಿ ಪಡೆದ ಮಗ ಇವನು. ಅದಕ್ಕೇ ಸಾಮುವೇಲ ಎಂಬ ಹೆಸರು. ಹುಡುಗನಿಗೆ 15 ವರ್ಷವಾಗುವಷ್ಟರಲ್ಲಿ ತಂದೆ ತೀರಿಕೊಂಡರು. ತಾಯಿಯ ಶಿಸ್ತು, ತಾಯಿಯ ಜಪವೇ ಆಸರೆಯಾಯಿತು.

ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಓದು. ಗಣಿತವೆಂದರೆ ಪ್ರೀತಿ. ಆದರೆ ಕೊನೆಯ ಪರೀಕ್ಷೆಯ ಹೊತ್ತಿಗೆ ಕಾಯಿಲೆ ಬಿದ್ದು ಪದವಿ ಕೈತಪ್ಪಿತು. ಅದನ್ನೇ ಹಿಡಿದು ಕೊರಗುತ್ತ ಕೂರದೆ 1895ರಲ್ಲಿ ವೈ.ಎಂ.ಸಿ.ಎ. ಸೇರಿ ಯುವಕರ ನಡುವೆ ದುಡಿಯತೊಡಗಿದರು. 1898ರಲ್ಲಿ ಅನ್ಬು ಮರಿಯಮ್ಮಾಳ್ ಅವರನ್ನು ಮದುವೆಯಾದರು. ದಕ್ಷಿಣ ಭಾರತದ ಕ್ರೈಸ್ತ ಹೆಣ್ಣುಮಕ್ಕಳಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗರಲ್ಲಿ ಆಕೆಯೂ ಒಬ್ಬರು.

1902ರಲ್ಲಿ ಅವರು ಶ್ರೀಲಂಕಾದ ಜಾಫ್ನಾಕ್ಕೆ ಹೋದರು. ಅಲ್ಲಿನ ತಮಿಳು ಕ್ರೈಸ್ತರು ತಾವೇ ಹಣ ಕೂಡಿಸಿ, ತಮ್ಮವರನ್ನೇ ಸುವಾರ್ತೆ ಸಾರಲು ಬೇರೆ ಊರುಗಳಿಗೆ ಕಳಿಸುತ್ತಿದ್ದರು. ಅದನ್ನು ಕಂಡು ಅಜರಯ್ಯನವರಿಗೆ ನಾಚಿಕೆಯಾಯಿತು. ತಿರುನಲ್ವೇಲಿಯಲ್ಲಿ ತಲೆಮಾರುಗಳಿಂದ ಕ್ರೈಸ್ತರಿದ್ದಾರೆ, ಆದರೂ ಎಲ್ಲದಕ್ಕೂ ವಿದೇಶದ ಮಿಷನರಿಗಳ ಕೈ ನೋಡುತ್ತಿದ್ದಾರೆ! ಮರುವರ್ಷ, 1903ರ ಫೆಬ್ರವರಿಯಲ್ಲಿ, ಭಾರತೀಯರ ಹಣದಿಂದ, ಭಾರತೀಯರ ಆಡಳಿತದಲ್ಲಿ ನಡೆಯುವ ತಿರುನಲ್ವೇಲಿಯ ಇಂಡಿಯನ್ ಮಿಷನರಿ ಸೊಸೈಟಿ ಹುಟ್ಟಿತು. 1905ರ ಕ್ರಿಸ್ಮಸ್ ದಿನ ಬಂಗಾಳದ ಸೆರಾಂಪುರದಲ್ಲಿ ಇಡೀ ದೇಶಕ್ಕಾಗಿ ನ್ಯಾಷನಲ್ ಮಿಷನರಿ ಸೊಸೈಟಿ ಸ್ಥಾಪನೆಯಾಯಿತು. ಎರಡಕ್ಕೂ ಅಜರಯ್ಯನವರ ಶ್ರಮವಿತ್ತು.

ಬೇರೆಯವರನ್ನು ಹೋಗಿರೆಂದು ಕಳಿಸಿ ತಾನು ಮನೆಯಲ್ಲಿ ಕುಳಿತರೆ ಹೇಗೆ? 1909ರಲ್ಲಿ ಅವರು ಗುರುದೀಕ್ಷೆಯ ಹಾದಿ ಹಿಡಿದು ದೋರ್ನಕಲ್‌ಗೆ ಹೊರಟರು. ಆಗ ನಿಜಾಮರ ಆಳ್ವಿಕೆಯಲ್ಲಿದ್ದು ಈಗ ತೆಲಂಗಾಣಕ್ಕೆ ಸೇರಿರುವ ಊರದು. ನಮ್ಮ ಆಯನೂರು ಸಾಗರದ ಹೆದ್ದಾರಿಯ ಬದಿಯ ಊರಾದರೆ, ದೋರ್ನಕಲ್ ರೈಲು ಹಳಿಗಳು ಕೂಡುವ ಊರು. ಹೆಸರು ಹೇಳಿಕೊಳ್ಳುವ ಪಟ್ಟಣವೇನಲ್ಲ. ಅಲ್ಲಿನ ಮಾತು ತೆಲುಗು. 30 ದಾಟಿದ ತಮಿಳರೊಬ್ಬರು ಮಗುವಿನಂತೆ ಹೊಸ ಅಕ್ಷರ ತಿದ್ದಲು ಕುಳಿತರು.

ಮುಖ ನೋಡಿ ಹೇಳಿದ ಮಾತು

1910ರಲ್ಲಿ ಸ್ಕಾಟ್‌ಲೆಂಡಿನ ಎಡಿನ್‌ಬರೋದಲ್ಲಿ ಜಗತ್ತಿನ ಪ್ರೊಟೆಸ್ಟೆಂಟ್ ಮಿಷನ್‌ಗಳ ದೊಡ್ಡ ಸಮ್ಮೇಳನ ನಡೆಯಿತು. ಸೇರಿದ್ದವರಲ್ಲಿ ಬಹುತೇಕ ಎಲ್ಲರೂ ಯೂರೋಪಿನವರು, ಅಮೆರಿಕದವರು. ಭಾರತೀಯರು ಬೆರಳೆಣಿಕೆಯಷ್ಟು. 35 ವರ್ಷದ ಅಜರಯ್ಯ ಅಲ್ಲಿ ಎದ್ದು ನಿಂತರು. ಮಿಷನರಿಗಳ ತ್ಯಾಗವನ್ನು ಅವರು ಅಲ್ಲಗಳೆಯಲಿಲ್ಲ. ಆದರೆ ಹಣ ಕೊಡುತ್ತೀರಿ, ಪ್ರಾಣವನ್ನೂ ಕೊಡುತ್ತೀರಿ, ಸ್ನೇಹ ಮಾತ್ರ ಕೊಡುವುದಿಲ್ಲ ಎಂಬುದು ಅವರ ಮಾತಿನ ಸಾರವಾಗಿತ್ತು. ಜೊತೆಗೆ ದುಡಿಯುವ ಭಾರತೀಯನನ್ನು ಆಳಿನಂತಲ್ಲ, ಅಣ್ಣತಮ್ಮನಂತೆ ಕಾಣಿರಿ ಎಂದು ಕೇಳಿಕೊಂಡರು. ಸಭೆಯಲ್ಲಿ ಕೆಲವರಿಗೆ ಕಸಿವಿಸಿಯಾಯಿತು, ಕೆಲವರಿಗೆ ಸಿಟ್ಟು ಬಂತು.

ಓದುಗರೇ, ಇಲ್ಲಿ ಒಂದು ಕ್ಷಣ ನಿಲ್ಲಿ. ವಿಧೇಯತೆಯೆಂದರೆ ಬಾಯಿ ಮುಚ್ಚಿಕೊಂಡಿರುವುದು ಎಂದು ನಮ್ಮಲ್ಲಿ ಹಲವರ ಎಣಿಕೆ. ಅಜರಯ್ಯ ಹಾಗೆ ತಿಳಿಯಲಿಲ್ಲ. ನೋವಿದ್ದರೆ ಅದನ್ನು ಹೇಳಬೇಕಾದವರ ಮುಂದೆಯೇ, ಅವರ ಮುಖ ನೋಡಿಯೇ ಹೇಳಿದರು. ಬೆನ್ನ ಹಿಂದೆ ಗುಂಪು ಕಟ್ಟಲಿಲ್ಲ. ಹೇಳಿದ ಮೇಲೆ ಮುನಿಸಿಕೊಂಡು ಹೊರಗೆ ಹೋಗದೆ ಮತ್ತೆ ಅದೇ ಜನರ ಜೊತೆ ಕೆಲಸಕ್ಕೆ ನಿಂತರು. ನಮ್ಮ ಧರ್ಮಕೇಂದ್ರದ ಸಭೆಗಳಲ್ಲಿ ಸುಮ್ಮನೆ ತಲೆಯಾಡಿಸಿ, ಹೊರಗೆ ಬಂದು ಬೇಲಿಯ ಬಳಿ ಗಂಟೆಗಟ್ಟಲೆ ಮಾತನಾಡುವ ನಾವು ಇದರಿಂದ ಕಲಿಯುವುದು ಇಲ್ಲವೇ?

1912ರ ಡಿಸೆಂಬರ್

ಆ ಕಾಲದಲ್ಲಿ ಮದರಾಸಿನ ಆಂಗ್ಲಿಕನ್ ಬಿಷಪ್ಪರಾಗಿದ್ದವರು ಹೆನ್ರಿ ವೈಟ್‌ಹೆಡ್. ಅವರ ಡಯಾಸಿಸ್ ಬಹಳ ದೊಡ್ಡದು. ಬೆಂಗಳೂರಿನ ಸೇಂಟ್ ಮಾರ್ಕ್ಸ್ ದೇವಾಲಯವೂ ಆ ಮೇಲ್ವಿಚಾರಣೆಗೇ ಒಳಪಟ್ಟಿತ್ತು. ಒಬ್ಬರಿಂದ ಇಷ್ಟು ದೂರ ನೋಡಿಕೊಳ್ಳಲು ಆಗದು, ಈ ನಾಡಿನವರೇ ಬಿಷಪ್ಪರಾಗಬೇಕು ಎಂದು ವೈಟ್‌ಹೆಡ್ ಪಟ್ಟು ಹಿಡಿದರು. ಅವರು ತೋರಿಸಿದ ವ್ಯಕ್ತಿ ಅಜರಯ್ಯ.

ವಿರೋಧ ಎದ್ದಿತು. ಬಿಳಿಯ ಮಿಷನರಿಗಳು ಭಾರತೀಯನೊಬ್ಬನ ಕೈಕೆಳಗೆ ಹೇಗೆ ಇರುವುದು? ಅಷ್ಟು ಹಣದ ಲೆಕ್ಕ, ಅಷ್ಟು ದೊಡ್ಡ ಆಡಳಿತ ಇವರಿಂದ ಸಾಧ್ಯವೇ? ಹೀಗೆಲ್ಲ ಮಿಷನರಿಗಳು ಕೇಳಿದರು. ಅದಕ್ಕಿಂತ ನೋವಿನ ಸಂಗತಿಯೆಂದರೆ, ಸ್ವಂತ ನಾಡಿನ ಕೆಲವು ಕ್ರೈಸ್ತರೂ ಒಪ್ಪಲಿಲ್ಲ. ಅಜರಯ್ಯನವರ ಮನೆತನ ನಾಡಾರ್ ಸಮುದಾಯದ್ದು, ಆ ಕಾಲದಲ್ಲಿ ಮೇಲ್ಜಾತಿಗಳವರು ಕೀಳಾಗಿ ಕಾಣುತ್ತಿದ್ದ ಸಮುದಾಯ. ದೀಕ್ಷಾಸ್ನಾನದ ನೀರು ತಲೆಯ ಮೇಲೆ ಬಿದ್ದರೂ ಜಾತಿಯ ಲೆಕ್ಕ ಮನಸ್ಸಿನಿಂದ ತೊಳೆದು ಹೋಗಿರಲಿಲ್ಲ.

ಆದರೂ 1912ರ ಡಿಸೆಂಬರ್ 29ರಂದು ಕಲ್ಕತ್ತೆಯ ಸೇಂಟ್ ಪಾಲ್ಸ್ ಪ್ರಧಾನ ದೇವಾಲಯದಲ್ಲಿ ಅಜರಯ್ಯನವರಿಗೆ ಬಿಷಪ್ ಅಭಿಷೇಕವಾಯಿತು. ಅವರಿಗೆ ಸಿಕ್ಕಿದ್ದು ಹುಟ್ಟೂರಾದ ತಿರುನಲ್ವೇಲಿಯ ದೊಡ್ಡ ಸಭೆಯಲ್ಲ. ದೋರ್ನಕಲ್ ಎಂಬ ಹೊಸ, ಪುಟ್ಟ ಡಯಾಸಿಸ್. ಜೊತೆಗೆ ಮದರಾಸಿನ ಸಹಾಯಕ ಬಿಷಪ್ಪರೆಂಬ ಹೊಣೆ. ಮೂಲೆಯ ಜಾಗ ಕೊಟ್ಟು ಪರೀಕ್ಷೆ ಮಾಡಿದರು ಎಂದೇ ಹೇಳಬಹುದು.

ನಮ್ಮ ಜಿಲ್ಲೆಯವರಿಗೆ ಇದು ಅರ್ಥವಾಗದ ಮಾತೇನಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಶುರುವಾದಾಗ ಅಮೆರಿಕದ ತಜ್ಞರ ಕೈಯಲ್ಲಿತ್ತು. 1923ರಲ್ಲಿ ವಿಶ್ವೇಶ್ವರಯ್ಯನವರು ಅದರ ಆಡಳಿತ ಮಂಡಳಿಯ ಅಧ್ಯಕ್ಷರಾಗಿ, ಹೊಣೆಯನ್ನು ನಮ್ಮವರ ಕೈಗೇ ತಂದರು. ಆಗಲೂ ಇವರಿಂದ ಆದೀತೇ ಎಂದು ಕೇಳಿದವರಿದ್ದರು. ನಮ್ಮವರ ಮೇಲೆ ಪರರಿಗಿಂತ ಹೆಚ್ಚಾಗಿ ನಮಗೇ ಸಂಶಯ. ಅದು ಹಳೆಯ ರೋಗ.

ವೈಟ್‌ಹೆಡ್ ಅವರನ್ನೂ ಇಲ್ಲಿ ಮರೆಯಬಾರದು. ಅಧಿಕಾರವನ್ನು ಕೈಯಲ್ಲಿ ಹಿಡಿದವರು ತಾವಾಗಿ ಬಿಟ್ಟುಕೊಡುವುದು ಅಪರೂಪ. ತಮ್ಮವರೇ ಎದುರು ನಿಂತರೂ ಅವರು ಹಿಂಜರಿಯಲಿಲ್ಲ. ಬರುವವನಿಗೆ ದಾರಿ ಮಾಡಿಕೊಟ್ಟು ಪಕ್ಕಕ್ಕೆ ಸರಿದು ನಿಂತ ಸ್ನಾನಿಕ ಯೊವಾನ್ನರ ಗುಣವದು. ಹೊಸಬರು ಚೆನ್ನಾಗಿ ನಡೆದುಕೊಳ್ಳಲಿ ಎಂದು ಬಯಸುತ್ತೇವೆ. ಹಳಬರು ಚೆನ್ನಾಗಿ ಬಿಟ್ಟುಕೊಡುವುದೂ ಅಷ್ಟೇ ದೊಡ್ಡ ಪುಣ್ಯ.

ಎತ್ತಿನ ಗಾಡಿಯ ಬಿಷಪ್ಪರು

ಅಜರಯ್ಯ ತಮ್ಮನ್ನು ವಿರೋಧಿಸಿದವರಿಗೆ ಪತ್ರಿಕೆಗಳಲ್ಲಿ ಉತ್ತರ ಬರೆಯುತ್ತಾ ಕೂರಲಿಲ್ಲ. ಗಾಡಿ ಹೂಡಿ ಹಳ್ಳಿಗಳಿಗೆ ಹೊರಟರು. ಅವರ ಮಂದೆಯಲ್ಲಿದ್ದವರು ಹೆಚ್ಚಾಗಿ ಮಾಲ, ಮಾದಿಗ ಸಮುದಾಯಗಳ ಬಡವರು. ಊರ ಹೊರಗೆ ಬದುಕಿದವರು, ಇನ್ನೊಬ್ಬರ ಹೊಲದಲ್ಲಿ ದುಡಿದವರು, ಅಕ್ಷರ ಕಾಣದವರು. ಅವರ ನಡುವೆ ಬಿಷಪ್ಪರು ನೆಲದ ಮೇಲೆ ಕುಳಿತರು. ಹೊಸದಾಗಿ ವಿಶ್ವಾಸಕ್ಕೆ ಬಂದವರು ತಮ್ಮ ತಲೆಯ ಮೇಲೆ ಕೈಯಿಟ್ಟು, ಸುವಾರ್ತೆ ಸಾರುವುದು ತಮ್ಮ ಹೊಣೆಯೆಂದು ಪ್ರತಿಜ್ಞೆ ಮಾಡುವ ಪದ್ಧತಿಯನ್ನು ತಂದರು. ಧರ್ಮಸಭೆಯ ಕೆಲಸ ಗುರುಗಳದ್ದು ಮಾತ್ರವಲ್ಲ, ಕೂಲಿ ಮಾಡುವ ತಾಯಿಯದೂ ಹೌದು ಎಂಬ ಪಾಠ ಅದು. ಹೆಂಡತಿ ಅನ್ಬು ಹಳ್ಳಿಯ ಹೆಂಗಸರ ನಡುವೆ ಅಷ್ಟೇ ದುಡಿದರು.

ಎಂಟು ವರ್ಷ ಕಳೆಯಿತು. 1920ರ ಸುಮಾರಿಗೆ ಕೃಷ್ಣಾ ಸೀಮೆ, ನಂದ್ಯಾಲ ಸೀಮೆಗಳ ಆಂಗ್ಲಿಕನ್ ಸಭೆಗಳು ದೋರ್ನಕಲ್ ಡಯಾಸಿಸ್‌ಗೆ ಸೇರಿದವು. ಅಲ್ಲಿ ಇಂಗ್ಲಿಷ್ ಮಿಷನರಿಗಳಿದ್ದರು. ಸಾಧ್ಯವೇ ಇಲ್ಲವೆಂದು 1912ರಲ್ಲಿ ಹೇಳಿದ್ದು ಈಗ ಸಹಜವಾಗಿ ನಡೆಯಿತು. ಬಿಳಿಯರು ಭಾರತೀಯ ಬಿಷಪ್ಪರ ಕೈಕೆಳಗೆ ದುಡಿದರು. ವಾದದಿಂದ ಗೆಲ್ಲಲಾಗದ ನಂಬಿಕೆಯನ್ನು ದುಡಿಮೆ ಗೆದ್ದಿತ್ತು.

1935ರ ಹೊತ್ತಿಗೆ ಆ ಡಯಾಸಿಸ್‌ನಲ್ಲಿ ಸುಮಾರು 250 ಭಾರತೀಯ ಗುರುಗಳೂ 2,000ಕ್ಕೂ ಹೆಚ್ಚು ಹಳ್ಳಿ ಉಪಾಧ್ಯಾಯರೂ ಇದ್ದರು. ಔಷಧಾಲಯಗಳು, ಸಹಕಾರ ಸಂಘಗಳು, ಮುದ್ರಣಾಲಯ ಬಂದವು. ವಿಶ್ವಾಸಿಗಳ ಸಂಖ್ಯೆ 2 ಲಕ್ಷ ದಾಟಿತು. 1939ರ ಜನವರಿ 6ರಂದು, ಮೂರು ಜ್ಞಾನಿಗಳ ಹಬ್ಬದ ದಿನ, ದೋರ್ನಕಲ್‌ನ ಪ್ರಧಾನ ದೇವಾಲಯ ಪ್ರತಿಷ್ಠೆಯಾಯಿತು. ಅದನ್ನು ನೋಡಿದರೆ ಇಂಗ್ಲೆಂಡಿನ ದೇವಾಲಯ ನೆನಪಾಗದು. ದಕ್ಷಿಣದ ದೇಗುಲಗಳ ಕಂಬಗಳಂಥ ಕಂಬ, ಮುಸ್ಲಿಮರ ಶೈಲಿಯ ಗುಮ್ಮಟ, ತಾವರೆ, ಶಿಲುಬೆ ಎಲ್ಲ ಒಟ್ಟಿಗೆ ಇವೆ. ಅವರ ಕನಸಿನ ಧರ್ಮಸಭೆಯೇ ಕಲ್ಲಿನಲ್ಲಿ ಎದ್ದು ನಿಂತಂತಿದೆ.

ಅವರಲ್ಲಿ ಕುಂದೇ ಇರಲಿಲ್ಲವೆಂದಲ್ಲ. ಶಿಸ್ತಿನಲ್ಲಿ ಬಹಳ ಬಿಗಿ. ಕೆಲವರು ಅವರೆಂದರೆ ಹೆದರುತ್ತಿದ್ದರು. ಮತಾಂತರದ ವಿಷಯದಲ್ಲಿ ಗಾಂಧೀಜಿಯವರಿಗೂ ಅವರಿಗೂ ಹೊಂದಾಣಿಕೆಯಾಗಲಿಲ್ಲ. ಮಾಲ, ಮಾದಿಗರ ನಡುವಿನ ಹಳೆಯ ಜಗಳ ದೇವಾಲಯದೊಳಗೂ ಬಂದು ಅವರನ್ನು ಕಾಡಿತು. ಇನ್ನೊಂದು ಕಹಿ ಸತ್ಯವೂ ಇದೆ. ಅವರು ಸಾಯುವವರೆಗೂ ಭಾರತದಲ್ಲಿ ಆಂಗ್ಲಿಕನ್ ಡಯಾಸಿಸ್ ಒಂದನ್ನು ಸ್ವತಂತ್ರವಾಗಿ ನಡೆಸಿದ ಭಾರತೀಯರು ಅವರೊಬ್ಬರೇ. 32 ವರ್ಷಗಳಲ್ಲಿ ಬಾಗಿಲು ಅಷ್ಟೇ ತೆರೆದಿತ್ತು. ಆದರೂ ಅವರು ಬೇಸತ್ತು ಕೈಚೆಲ್ಲಲಿಲ್ಲ.

ನೆಟ್ಟವರು ಉಣ್ಣದ ಫಲ

1919ರ ಮೇ ತಿಂಗಳಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ ಬೇರೆ ಬೇರೆ ಪ್ರೊಟೆಸ್ಟೆಂಟ್ ಸಭೆಗಳ ಗುರುಗಳು ಕೂಡಿದರು. ಅಜರಯ್ಯ ಅವರಲ್ಲಿ ಪ್ರಮುಖರು. ಯೂರೋಪಿನ ಹಳೆಯ ಜಗಳಗಳಿಂದ ಹುಟ್ಟಿದ ಗೋಡೆಗಳನ್ನು ಭಾರತದ ಹಳ್ಳಿಯಲ್ಲಿ ನಾವೇಕೆ ಕಾಯಬೇಕು ಎಂದು ಕೇಳಿಕೊಂಡು, ಒಂದಾಗುವ ಮಾತುಕತೆ ಶುರು ಮಾಡಿದರು. ಮಾತುಕತೆ 28 ವರ್ಷ ಎಳೆಯಿತು. 1945ರ ಜನವರಿ 1ರಂದು ಅಜರಯ್ಯ ದೋರ್ನಕಲ್‌ನಲ್ಲಿ ಕಣ್ಣು ಮುಚ್ಚಿದರು. 1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಪ್ರಧಾನ ದೇವಾಲಯದಲ್ಲಿ ಸಿ.ಎಸ್.ಐ. ಹುಟ್ಟಿತು. ವಾಗ್ದತ್ತ ನಾಡನ್ನು ದೂರದಿಂದ ನೋಡಿದ ಮೋಶೆಯ ಪಾಲೇ ಇವರ ಪಾಲು.

ಆ ದಿನ ನಮ್ಮ ಮೈಸೂರು ಸೀಮೆಗೂ ದೊಡ್ಡ ಬದಲಾವಣೆ ತಂದಿತು. ಶಿವಮೊಗ್ಗ, ತುಮಕೂರು, ಹಾಸನ, ಮೈಸೂರುಗಳಲ್ಲಿ ವೆಸ್ಲಿಯನ್ ಮೆಥಡಿಸ್ಟ್ ಮಿಷನ್ನಿನ ಸಭೆಗಳಿದ್ದವು. ಅವರಿಗೆ ಬಿಷಪ್ಪರೆಂಬ ಪದ್ಧತಿಯೇ ಇರಲಿಲ್ಲ. ಈಗ ಒಮ್ಮೆಲೇ ಬಿಷಪ್ಪರನ್ನು ಒಪ್ಪಿಕೊಳ್ಳಬೇಕಾಯಿತು. ಇತ್ತ ಆಂಗ್ಲಿಕನರು, ಬಿಷಪ್ಪರ ಕೈಯಿಂದ ದೀಕ್ಷೆ ಪಡೆಯದ ಪಾದ್ರಿಗಳನ್ನೂ ತಮ್ಮ ಸಭೆಯ ಪಾದ್ರಿಗಳೆಂದು ಒಪ್ಪಿಕೊಳ್ಳಬೇಕಾಯಿತು. ಯಾವ ಸಭೆಯ ಮೇಲೂ ಒಲ್ಲದ ಪಾದ್ರಿಯನ್ನು ಹೇರುವುದಿಲ್ಲವೆಂದು ಮಾತು ಕೊಟ್ಟು, ಹೊಂದಿಕೊಳ್ಳಲು 30 ವರ್ಷಗಳ ಕಾಲಾವಕಾಶ ಇಟ್ಟುಕೊಂಡರು. ಒಂದು ತಲೆಮಾರಿನಷ್ಟು ತಾಳ್ಮೆ!

ಮೈಸೂರು ಡಯಾಸಿಸ್‌ನ ಮೊದಲ ಬಿಷಪ್ಪರಾದವರು ಪಿ. ಗುರುಶಾಂತ. ಅವರು ಬಂದದ್ದು ಆಂಗ್ಲಿಕನ್ ಸಭೆಯಿಂದಲ್ಲ, ಮೆಥಡಿಸ್ಟ್ ಸಭೆಯಿಂದ. ಅವರ ನಂತರ 1951ರಲ್ಲಿ ಬಂದವರು ಇಂಗ್ಲೆಂಡಿನ ನಾರ್ಮನ್ ಸಾರ್ಜೆಂಟ್. ಗಮನಿಸಿ, ಮೊದಲು ಭಾರತೀಯರು, ಆಮೇಲೆ ಇಂಗ್ಲಿಷಿನವರು. ಸ್ವತಂತ್ರ ಭಾರತದ ಸಭೆ ಬಿಳಿಯನನ್ನು ಬಣ್ಣ ನೋಡಿ ತಳ್ಳಲಿಲ್ಲ. ಅಜರಯ್ಯ ಎಡಿನ್‌ಬರೋದಲ್ಲಿ ಬೇಡಿದ ಸ್ನೇಹ ಇದೇ ಅಲ್ಲವೇ?

ಎಲ್ಲರೂ ಒಪ್ಪಿದರೆಂದಲ್ಲ. ಅಜರಯ್ಯನವರ ಡಯಾಸಿಸ್‌ಗೇ ಸೇರಿದ್ದ ನಂದ್ಯಾಲದ ಹಲವು ಆಂಗ್ಲಿಕನರು 1947ರಲ್ಲಿ ಹೊರಗೆ ನಿಂತರು. ಅವರಲ್ಲಿ ಕೆಲವರು ಆಮೇಲೆ ಸೇರಿದರು, ಕೆಲವರು ಸೇರಲಿಲ್ಲ. ಅವರನ್ನು ದ್ರೋಹಿಗಳೆನ್ನುವುದು ಸರಿಯಲ್ಲ. ಅವರದೂ ಆತ್ಮಸಾಕ್ಷಿಯೇ. ಮುಂದೆ 2013ರಲ್ಲಿ ಸಿ.ಎಸ್.ಐ.ನ ಮೊದಲ ಮಹಿಳಾ ಬಿಷಪ್ಪರಾಗಿ ಇ. ಪುಷ್ಪಲಲಿತ ಅವರು ಅಭಿಷೇಕಗೊಂಡದ್ದು ಅದೇ ನಂದ್ಯಾಲಕ್ಕೆ. ಕ್ಯಾಂಟರ್‌ಬರಿಯ ಸುದ್ದಿ ಬರುವುದಕ್ಕೆ 12 ವರ್ಷ ಮೊದಲೇ ದಕ್ಷಿಣ ಭಾರತದ ಸಭೆ ಆ ಪ್ರಶ್ನೆಯನ್ನು ಎದುರಿಸಿತ್ತು.

ನಮ್ಮ ಧರ್ಮಸಭೆಯೂ ಇಂಥದೇ ಹಾದಿ ನಡೆದಿದೆ. ಸ್ಥಳೀಯ ಗುರುಗಳನ್ನು ಬೆಳೆಸಿ ಹೊಣೆ ವಹಿಸಿಕೊಡಬೇಕೆಂದು 15ನೇ ಬೆನೆಡಿಕ್ಟ್ ಜಗದ್ಗುರುಗಳು 1919ರಲ್ಲಿ ಒತ್ತಿ ಹೇಳಿದರು. 1923ರಲ್ಲಿ ತೂತ್ತುಕುಡಿಗೆ ತಿಬೂರ್ಸಿಯುಸ್ ರೋಚ್, 1928ರಲ್ಲಿ ಮಂಗಳೂರಿಗೆ ವಲೇರಿಯನ್ ಡಿಸೋಜ ಭಾರತೀಯ ಧರ್ಮಾಧ್ಯಕ್ಷರಾಗಿ ಬಂದರು. ಇವತ್ತು ನಮ್ಮ ಧರ್ಮಾಧ್ಯಕ್ಷರು ನಮ್ಮ ನಾಡಿನವರು ಎಂಬುದು ನಮಗೆ ವಿಶೇಷವೆನ್ನಿಸುವುದೇ ಇಲ್ಲ. ಅದಕ್ಕಾಗಿ ಯಾರೋ ಎಂದೋ ಅಪಮಾನ ನುಂಗಿ ದುಡಿದಿದ್ದಾರೆಂಬುದನ್ನು ಮರೆತಿದ್ದೇವೆ.

ನಿಮ್ಮ ಮನೆಗೆ ಈ ಮಾತು

ಮುಂದಿನ ಸಲ ನಿಮ್ಮ ಊರಿಗೆ ಹೊಸ ಗುರುಗಳು ಬಂದಾಗ, ಡಯಾಸಿಸ್‌ಗೆ ಹೊಸ ಧರ್ಮಾಧ್ಯಕ್ಷರು ಬಂದಾಗ, ಅಥವಾ ಶಾಲೆಗೆ ಹೊಸ ಮುಖ್ಯೋಪಾಧ್ಯಾಯಿನಿ ಬಂದಾಗಲೂ ಸರಿ, ಈ ಅಜರಯ್ಯನವರನ್ನು ನೆನೆಯಿರಿ. ಮೊದಲ ದಿನವೇ ತೀರ್ಪು ಬರೆಯಬೇಡಿ. ಬಂದವರ ಭಾಷೆ, ಊರು, ಜಾತಿ ಕೇಳುವ ಮೊದಲು ಅವರು ಊಟ ಮಾಡಿದರೋ ಎಂದು ಕೇಳಿ. ಒಪ್ಪದ ವಿಷಯವಿದ್ದರೆ ಅವರ ಎದುರಿಗೇ ಹೋಗಿ ಗೌರವದಿಂದ ಹೇಳಿ. ಹೇಳಿದ ಮೇಲೆ ಅವರ ಜೊತೆಗೇ ಕೆಲಸಕ್ಕೆ ನಿಲ್ಲಿ. ಮಕ್ಕಳ ಮುಂದೆ ಗುರುಗಳನ್ನು ಹಳಿಯುವ ಅಭ್ಯಾಸವಿದ್ದರೆ ಇಂದೇ ಬಿಡಿ. ಮಕ್ಕಳು ನಮ್ಮ ಜಪ ಮರೆತಾರು, ನಮ್ಮ ಚಾಡಿ ಮರೆಯುವುದಿಲ್ಲ.

ಪಕ್ಕದ ಮನೆಯ ಸಿ.ಎಸ್.ಐ. ಕುಟುಂಬದವರು ತಮ್ಮ ಸಭೆಯಲ್ಲಿ ಆಗುತ್ತಿರುವ ಬದಲಾವಣೆಗಳ ಬಗ್ಗೆ ಮಾತೆತ್ತಿದರೆ, ನಮ್ಮದೇ ಸರಿ ಎಂದು ವಾದಕ್ಕಿಳಿಯಬೇಡಿ. ಅವರ ಸಂತೋಷವಾಗಲಿ, ತಳಮಳವಾಗಲಿ, ಮೊದಲು ಕೇಳಿಸಿಕೊಳ್ಳಿ.

ಇಂದು ಸಂಜೆ ಕುಟುಂಬ ಪ್ರಾರ್ಥನೆಯ ವೇಳೆ, ನಿಮ್ಮ ಧರ್ಮಕೇಂದ್ರದಲ್ಲಿ ಹಿಂದೆ ಇದ್ದ ಗುರುಗಳ ಹೆಸರನ್ನೂ ಈಗಿರುವವರ ಹೆಸರನ್ನೂ ಒಟ್ಟಿಗೆ ಹೇಳಿ ಒಂದು ಪರಲೋಕ ಮಂತ್ರ ಜಪಿಸಿ. ಅವರಲ್ಲಿ ನಿಮಗೆ ಹಿಡಿಸದೇ ಹೋದವರ ಹೆಸರನ್ನು ಮಾತ್ರ ಬಿಟ್ಟುಬಿಡಬೇಡಿ. ಮೊದಲು ಅವರ ಹೆಸರನ್ನೇ ಹೇಳಿ.